ಕೋರಾಟ್ ಕಡೆ ಹಳ್ಳಿಗೆ ಎರಡು ದಿನ: ಮೊಟ್ಟೆನೂ ತಿನ್ನದವಳು ಹೋಗಬಹುದಾ?

ಹಿತ್ತಲಗಿಡ:
ಬ್ಯಾಂಕಾಕಿಗೆ ಬಂದು ಎಂಟು ತಿಂಗಳಾಯ್ತು. ಆಫೀಸಿನಲ್ಲಿ ನನ್ನ ಪಕ್ಕ ಕೂರುವವರನ್ನು ನಾನು ‘ಪೀ’ ಅಂತೀನಿ, ನಮ್ಮಲ್ಲಿ ಅಕ್ಕ ಅಂದ ಹಾಗೆ. ಅವರು ಮುಂದಿನ ಶನಿವಾರ ತಮ್ಮ ತವರಿಗೆ ಬಾ ಅಂತ ಕರೆದಿದ್ದಾರೆ. ಕೋರಾಟ್ ದಾಟಿ ಪಿಮಾಯ್ ಹತ್ತಿರದ ಹಳ್ಳಿ. ಪಿಕಪ್‌ನಲ್ಲಿ ಅವರು, ಅವರ ಯಜಮಾನರು, ಇಬ್ಬರು ಮಕ್ಕಳು, ನಾನು. ರಾತ್ರಿ ಅವರಮ್ಮನ ಮನೆಯಲ್ಲೇ ಮಲಗೋದು.

ಹೂಂ ಅಂದುಬಿಟ್ಟೆ, ಈಗ ದಿಗಿಲು. ಊಟಕ್ಕೇನು ಮಾಡಲಿ? ಕೈಯಲ್ಲಿ ಏನು ಹಿಡಿದುಕೊಂಡು ಹೋಗಲಿ? ಪಿಮಾಯ್ ದೇವಸ್ಥಾನ ನೋಡಬೇಕು ಅಂತ ನಾನಾಗಿ ಕೇಳಿದರೆ ತಪ್ಪಾಗುತ್ತಾ? ನನಗೆ ಬರುವ ಥಾಯ್ ಭಾಷೆ ತರಕಾರಿ ಅಂಗಡಿಯವರೆಗೆ ಮಾತ್ರ.

ದೂರದಬೆಟ್ಟ:
ರೆಡಿಮಿಕ್ಸ್ ಉಪ್ಪಿಟ್ಟಿನ ಪೊಟ್ಟಣ ನಾಲ್ಕು ಇಟ್ಕೊಳ್ಳಿ. ಬಿಸಿನೀರು ಎಲ್ಲಾದರೂ ಸಿಗುತ್ತೆ. ರಿಸ್ಕ್ ಬೇಡ.

ಪತ್ರೊಡೆ:
ಪೊಟ್ಟಣ ಬೇಡಮ್ಮ. ಅಜ್ಜಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಅಡುಗೆ ಮಾಡಿರ್ತಾಳೆ, ನೀನು ಮೂಲೆಯಲ್ಲಿ ಕೂತು ಬಿಸಿನೀರು ಸುರ್ಕೊಂಡರೆ ಹೇಗಿರುತ್ತೆ? ಇಲ್ಲಿ ಹನ್ನೊಂದು ವರ್ಷ ಕಳೆದವಳು ಹೇಳ್ತಿದೀನಿ.

ಮೊದಲು ನನ್ನ ಪಜೀತಿ ಕೇಳು. ಮೊದಲ ಸಲ ಖೋನ್ ಕೇನ್ ಹತ್ತಿರದ ಹಳ್ಳಿಗೆ ಹೋದಾಗ ಬಾಯಿಪಾಠ ಮಾಡಿದ್ದು ಒಂದೇ ವಾಕ್ಯ: ‘ಮೈ ಕಿನ್ ನುವಾ’, ಮಾಂಸ ತಿನ್ನಲ್ಲ ಅಂತ. ‘ನುವಾ’ ಅಂದರೆ ಮಾಂಸ ನಿಜ, ಆದರೆ ಊಟದ ಮಾತಿನಲ್ಲಿ ಅದು ದನದ ಮಾಂಸ. ಕ್ವಾನ್ ಇಮ್ ದೇವಿಗೆ ನಡೆದುಕೊಳ್ಳುವವರು ಇಲ್ಲಿ ದನದ ಮಾಂಸ ಬಿಟ್ಟಿರ್ತಾರೆ, ನಾನೂ ಹಾಗೇ ಅಂದುಕೊಂಡು ಹೂಂ ಅಂದರು. ಚಾಪೆ ಮೇಲೆ ಬಂದದ್ದು ಹಂದಿ, ಕೋಳಿ, ಮೀನು. ದನ ಮಾತ್ರ ಇರಲಿಲ್ಲ, ಮಾತಿಗೆ ತಪ್ಪದ ಜನ! ಸರಿ, ಪಪ್ಪಾಯಿಕಾಯಿಯ ಕೋಸಂಬರಿಯಂಥದ್ದು ಇದೆಯಲ್ಲ, ಸೋಮ್ ತಾಮ್, ಅದಕ್ಕೆ ಕೈ ಹಾಕಿದೆ. ಅದರೊಳಗೆ ಹುಳಿಸಿದ ಮೀನಿನ ರಸ, ಪ್ಲಾ ರಾ. ಕೊನೆಗೆ ಅಂಟಕ್ಕಿ ಅನ್ನ, ಬಾಳೆಹಣ್ಣು, ಸೌತೆಕಾಯಿ ತಿಂದು ಎದ್ದೆ. ನನಗಿಂತ ಅವರಿಗೇ ಹೆಚ್ಚು ಬೇಜಾರಾಯ್ತು, ಅದೇ ನನಗೆ ಇವತ್ತಿಗೂ ಕಿರಿಕಿರಿ.

ಇನ್ನೊಂದು ಪದ ಇದೆ, ‘ಮಂಗ್‌ಸವಿರತ್’. ಒಡೆದು ನೋಡು: ಮಾಂಸ, ವಿರತಿ. ಚೆಂದದ ಪದ, ಆದರೆ ಅದರಲ್ಲಿ ಮೊಟ್ಟೆ ನಡೆಯುತ್ತೆ, ಮೀನಿನ ಸಾಸ್ ಕೂಡ ಎಷ್ಟೋ ಜನ ಉಪ್ಪಿನ ಹಾಗೆ ಹಾಕಿಬಿಡ್ತಾರೆ. ನೀನು ‘ಕಿನ್ ಜೇ’ ಅನ್ನು. ಜೇ ಅಂದರೆ ಮೊಟ್ಟೆ, ಹಾಲು, ಮೀನಿನ ಸಾಸ್ ಯಾವುದೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಹೋಗುತ್ತೆ, ಎರಡು ದಿನ ತಡ್ಕೊ. ಹೇಳೋದು ಊಟಕ್ಕೆ ಕೂತಾಗಲ್ಲ, ಈಗಲೇ, ಪೀ ಹತ್ತಿರ. ಅವರು ಅಮ್ಮನಿಗೆ ಫೋನ್ ಮಾಡ್ತಾರೆ.

ದಾರಿಯಲ್ಲಿ ಆತುರ ಪಡಬೇಡ. 300 ಕಿ.ಮೀ. ಚಿಲ್ಲರೆ, ಆದರೆ ಇವರು ಗಾಡಿ ನಿಲ್ಲಿಸುತ್ತಾ ನಿಲ್ಲಿಸುತ್ತಾ ಹೋಗೋರು. ಸರಬುರಿಯಿಂದ ಮುಂದೆ ನೀವು ಹೋಗೋದು ‘ಮಿತ್ರಫಾಪ್’ ರಸ್ತೆ. ಅಂದರೆ ನಮ್ಮ ಮಿತ್ರಭಾವ. ಅಮೆರಿಕದ ದುಡ್ಡಿನಲ್ಲಿ ಕಟ್ಟಿ 1958ರಲ್ಲಿ ತೆರೆದದ್ದಕ್ಕೆ ಆ ಹೆಸರು. ಪಾಕ್ ಚೋಂಗ್ ಹತ್ತಿರ ರಸ್ತೆ ಬದಿ ಸೀತಾಫಲದ ಅಂಗಡಿಗಳ ಸಾಲು, ಈಗ ಜುಲೈ, ಕಾಲ ಸರಿಯಾಗಿದೆ. ಅಜ್ಜಿಗೆ ಅಲ್ಲೇ ಒಂದು ಬುಟ್ಟಿ ಕೊಂಡುಕೋ. ದುಡ್ಡು ಕೈಗಿಡಲು ಹೋಗಬೇಡ.

ಪಿಮಾಯ್ ಖಂಡಿತ ಕೇಳು. ಹನ್ನೊಂದು ಹನ್ನೆರಡನೇ ಶತಮಾನದ ಖ್ಮೇರ್ ಗುಡಿ, ಬೌದ್ಧರದು, ಆದರೂ ಬಾಗಿಲ ಮೇಲಿನ ಕಲ್ಲುಗಳಲ್ಲಿ ರಾಮಾಯಣ. ಆ ಕಾಲದ ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ, ಇದು ದಕ್ಷಿಣದ ಕಡೆಗೆ, ಖ್ಮೇರರ ರಾಜಧಾನಿ ಅಂಗ್ಕೋರ್ ದಿಕ್ಕಿಗೆ. ಮಕ್ಕಳನ್ನು ‘ತೋಸಕನ್’ ಯಾರು ಅಂತ ಕೇಳು, ಥಟ್ಟಂತ ಹೇಳ್ತವೆ. ನಮ್ಮ ದಶಕಂಠ ಅವನು.

ಹಿತ್ತಲಗಿಡ:
ಅಕ್ಕಾ, ಪೀಗೆ ಈಗಲೇ ‘ಜೇ’ ಅಂತ ಮೆಸೇಜ್ ಹಾಕಿದೆ. ‘ಓ, ಸುಲಭ’ ಅಂದರು! ಬೆಳಿಗ್ಗೆ ಭಿಕ್ಷುಗಳಿಗೆ ಅನ್ನ ಹಾಕಬೇಕಂತೆ, ಅದಕ್ಕೇನಾದರೂ ನಿಯಮ ಇದೆಯಾ?

ಪತ್ರೊಡೆ:
ಅದಕ್ಕೆ ‘ತಕ್ ಬಾತ್’ ಅಂತಾರೆ. ಬಾತ್ ಅಂದರೆ ಪಾತ್ರೆಯೇ. ಚಪ್ಪಲಿ ಕಳಚು, ಅನ್ನ ಪಾತ್ರೆಗೆ ಹಾಕು, ಭಿಕ್ಷುವನ್ನು ಮುಟ್ಟಬೇಡ, ಹೆಂಗಸರು ಮುಟ್ಟುವ ಹಾಗಿಲ್ಲ. ಉಳಿದದ್ದು ಅಜ್ಜಿಯನ್ನು ನೋಡಿ ಮಾಡು. ಕಾಲು ಬುದ್ಧನ ಕಡೆ ಚಾಚಿ ಕೂರಬೇಡ. ಅಂಟಕ್ಕಿ ಅನ್ನ ಸಣ್ಣ ಬಿದಿರು ಬುಟ್ಟಿಯಲ್ಲಿ ಕೊಟ್ಟರೆ, ತಿಂದ ಮೇಲೆ ಮುಚ್ಚಳ ಹಾಕೋದು ಮರೀಬೇಡ. ನಾನು ತೆರೆದಿಟ್ಟಿದ್ದಕ್ಕೆ ಆ ಮನೆಯಜ್ಜಿ ನನ್ನ ಯಜಮಾನರ ಮುಖ ನೋಡಿ, ಹೀಗೆ ಬಿಟ್ಟರೆ ಗಂಡ ಹೆಂಡತಿ ಬೇರೆಯಾಗ್ತಾರೆ ಅಂತ ನಕ್ಕಳು. ಅವರು ತಕ್ಷಣ ಎದ್ದು ಮುಚ್ಚಿದರು.

ದೂರದಬೆಟ್ಟ:
ಸರಿ, ಪೊಟ್ಟಣ ವಾಪಸ್ ತಗೊಂಡೆ. ಒಂದು ಡಬ್ಬ ಚಟ್ನಿಪುಡಿ ಆದರೂ ಒಯ್ಯಬಹುದಾ? ಎಲ್ಲರಿಗೂ ಹಂಚೋಕೆ?

ಪತ್ರೊಡೆ:
ಅದು ಒಳ್ಳೇ ಐಡಿಯಾ. ಅವರು ಖಾರಕ್ಕೆ ಹೆದರುವವರಲ್ಲ.

ಹಿತ್ತಲಗಿಡ:
ನಿನ್ನೆ ರಾತ್ರಿ ವಾಪಸ್ ಬಂದೆ. ಸೀತಾಫಲದ ಬುಟ್ಟಿ ಪಿಕಪ್‌ನಲ್ಲೇ ಅರ್ಧ ಖಾಲಿ, ಮಕ್ಕಳ ಬಾಯಿಗೆ. ಕಾಲು ಜೋಮು ಹಿಡಿದು ಏಳುವಾಗ ಬೀಳ್ತಿದ್ದೆ. ಪಿಮಾಯ್‌ನಲ್ಲಿ ಮಳೆ ಹಿಡೀತು, ಗುಡಿಯೊಳಗೇ ಮುಕ್ಕಾಲು ಗಂಟೆ ನಿಂತಿದ್ದೆವು, ಚಿಕ್ಕವನು ಕಲ್ಲಿನಲ್ಲಿ ಮಂಗಗಳನ್ನೆಣಿಸಿ ಎಣಿಸಿ ಜಗಳ ತೆಗೆದ. ಚಟ್ನಿಪುಡಿ ಡಬ್ಬ ಅಲ್ಲೇ ಉಳಿಯಿತು.

ಊಟ: ಹುರಿದ ತೋಫು, ಹರಿವೆ ಥರದ ಸೊಪ್ಪು, ಅಣಬೆ ಸಾರು. ನನಗೇ ಬೇರೆ ಬಾಣಲೆ ಇಟ್ಟಿದ್ದರು. ಅಜ್ಜಿ ಬಡಿಸುವಾಗಲೆಲ್ಲ ಮೊದಲು ನನಗೆ, ಅದೂ ಎರಡೂ ಕೈಯಲ್ಲಿ. ಯಾಕೆ ಇಷ್ಟು ಮರ್ಯಾದೆ ಅಂತ ಗೊತ್ತಾಗಲಿಲ್ಲ. ಭಾನುವಾರ ಮಧ್ಯಾಹ್ನ ಪೀ ಮೂಲಕ ಕೇಳಿದರು, ಈ ಜೇ ವ್ರತ ಎಷ್ಟು ದಿನದ್ದು, ಯಾವ ಹರಕೆಗೆ ಅಂತ. ಹುಟ್ಟಿದಾಗಿಂದ ಹೀಗೇ, ಹರಕೆ ಏನಿಲ್ಲ ಅಂದೆ. ಅಜ್ಜಿ ಎದ್ದು ಹೋದರು. ಹತ್ತು ನಿಮಿಷದಲ್ಲಿ ಪಕ್ಕದ ಮನೆಯ ಮೂರು ಜನ ಹೆಂಗಸರು ನನ್ನನ್ನು ನೋಡೋಕೆ ಬಂದು ಚಾಪೆ ಮೇಲೆ ಕೂತರು.