‘ಅಂದಾಜು’ ಅಂದರೆ ಊಹೆಯೋ, ಕೊಟ್ಟ ಮಾತೋ?

ಗೆಳೆಯರೇ, ನಮಸ್ಕಾರ. ಒಂದು ಪದಕ್ಕಾಗಿ ನಿಮ್ಮ ಸಹಾಯ ಬೇಕು.

ನಾನು ಮೂಡಿಗೆರೆ ಹತ್ತಿರದ ನಮ್ಮ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ತಂಡದಲ್ಲಿ ಐದು ಜನ, ಎಲ್ಲರೂ ಹಾಸನ, ಚಿಕ್ಕಮಗಳೂರು ಕಡೆಯವರು. ಮೀಟಿಂಗ್ ಪೂರ್ತಿ ಕನ್ನಡದಲ್ಲೇ ನಡೆಯುತ್ತದೆ. ಎರಡು ವಾರಕ್ಕೊಮ್ಮೆ ಮುಂದಿನ ಕೆಲಸಗಳಿಗೆ ಪಾಯಿಂಟ್ ಹಾಕುತ್ತೇವೆ. ಅದಕ್ಕೆ ಪ್ಲಾನಿಂಗ್ ಪೋಕರ್ ಅಂತಾರೆ, 2002ರಲ್ಲಿ ಜೇಮ್ಸ್ ಗ್ರೆನಿಂಗ್ ಹೇಳಿಕೊಟ್ಟ ಪದ್ಧತಿ. 1, 2, 3, 5, 8, 13 ಎಂದು ಬರೆದ, ಇಸ್ಪೀಟಿನಂಥ ಎಲೆಗಳನ್ನು ಎಲ್ಲರೂ ಒಟ್ಟಿಗೇ ತೋರಿಸಬೇಕು. ಒಬ್ಬರದು 3, ಇನ್ನೊಬ್ಬರದು 13 ಬಂದರೆ ಇಬ್ಬರೂ ಯಾಕೆ ಅಂತ ಹೇಳಬೇಕು. ಈ ಅಂಕಿ ದಿನವೂ ಅಲ್ಲ, ಗಂಟೆಯೂ ಅಲ್ಲ. ಒಂದು ಕೆಲಸ ಇನ್ನೊಂದಕ್ಕಿಂತ ಎಷ್ಟು ದೊಡ್ಡದು ಅನ್ನುವುದು ಮಾತ್ರ.

ಕಳೆದ ತಿಂಗಳು ಹೊಸದಾಗಿ ಸೇರಿದ ಹುಡುಗಿ ಒಂದು ಕೆಲಸಕ್ಕೆ “ಅಂದಾಜು ಎಂಟು” ಅಂದಳು. ಗ್ರಾಹಕರ ಕಡೆಯವರು ಎಂಟು ದಿನ ಅಂತ ಬರೆದುಕೊಂಡರು. ಒಂಬತ್ತನೇ ದಿನ ಫೋನ್ ಬಂತು. “ಅಂದಾಜು ಹೇಳಿದ್ದು ನೀವೇ ಅಲ್ವಾ?” ಅವಳ ಮುಖ ಬಾಡಿಹೋಯಿತು. ನನಗೆ ತುಂಬಾ ಬೇಜಾರಾಯಿತು, ಅವಳು ಹೇಳಿದ್ದರಲ್ಲಿ ತಪ್ಪೇ ಇರಲಿಲ್ಲ.

‘ಅಂದಾಜು’ ಪಾರಸಿಯಿಂದ ಬಂದ ಪದ. ಕಾಫಿ ಮಂಡಳಿ ಹೂವಾದ ಮೇಲೆ ಒಮ್ಮೆ, ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಫಸಲಿನ ಅಂದಾಜು ಕೊಡುತ್ತದೆ. ಎರಡನೆಯದು ಬೇರೆ ಬಂದರೆ ಮೊದಲನೆಯದನ್ನು ಯಾರೂ ಸುಳ್ಳು ಅನ್ನುವುದಿಲ್ಲ. ಆದರೆ ರಸ್ತೆ ಕಾಮಗಾರಿಯ ‘ಅಂದಾಜು ಪಟ್ಟಿ’ ರೂಪಾಯಿ ಲೆಕ್ಕದ, ಸಹಿ ಬಿದ್ದ ಕಾಗದ. ನಮ್ಮ ಹುಡುಗಿ ಹೇಳಿದ್ದು ಮೊದಲನೇ ಅರ್ಥದಲ್ಲಿ, ಅವರು ಕೇಳಿಸಿಕೊಂಡದ್ದು ಎರಡನೇ ಅರ್ಥದಲ್ಲಿ.

ಮೊನ್ನೆ ಅಪ್ಪ ಮರಗಸಿಗೆ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಕಡಿಸಲಿಕ್ಕೆ, ಮೇಸ್ತ್ರಿಯನ್ನು ಕರೆಸಿದ್ದರು. ಅವರು ಹಳ್ಳದ ಬದಿ ನಿಂತು ಅತ್ತಿ, ಹಾಲುವಾಣದ ಮರಗಳನ್ನು ಬುಡದಿಂದ ತುದಿವರೆಗೆ ನೋಡಿದರು. “ಗೌಡ್ರೇ, ಮೇಲಿನ ತೋಟಕ್ಕಿಂತ ಇದು ಒಂದೂವರೆ ಪಾಲು ಕೆಲಸ” ಅಂದರು. ಯಾವಾಗ ಮುಗಿಯುತ್ತೆ ಅಂತ ಅಪ್ಪ ಕೇಳಿದರೆ, “ಅದು ಆಳು ಬಂದ ಹಾಗೆ, ಮಳೆ ಬಿಟ್ಟ ಹಾಗೆ.” ಕೆಲಸದ ಗಾತ್ರ ಬೇರೆ, ದಿನ ಬೇರೆ. ಪಾಯಿಂಟ್ ಅಂದರೆ ಇದೇ.

ಹಾಗಾಗಿ ಪಾಯಿಂಟಿಗೆ ‘ಅಂದಾಜು’ ಬಿಟ್ಟು ಬೇರೆ ಪದ ಹುಡುಕಿದೆ. ‘ಹತ್ತಾಳಿನ ಕೆಲಸ’ ಅಂತ ತೋಟದಲ್ಲಿ ಹೇಳುವುದುಂಟು. ಅದು ಆಗಲ್ಲ, ಅದರಲ್ಲಿ ದಿನದ ಲೆಕ್ಕ ಸೇರಿಕೊಂಡಿದೆ. ‘ತೂಕ’ ನನಗೆ ಇಷ್ಟವಾಗಿತ್ತು, ‘ತೂಗಿ ನೋಡೋಣ’ ಅನ್ನಲಿಕ್ಕೂ ಚೆಂದ. ಆದರೆ ಕೊಯ್ಲಿನ ಸಂಜೆ ತಕ್ಕಡಿ ತೋರಿಸಿದ್ದೇ ಕೂಲಿ. ನಮ್ಮ ಕಡೆಯವರ ಕಿವಿಗೆ ತೂಕ ಅಂದರೆ ಪಕ್ಕಾ ಲೆಕ್ಕ. ‘ಅಡಸಟ್ಟೆ’ ಅಂದರೂ ಅಂದಾಜೇ, ಆದರೆ ಆ ಪದ ನಮ್ಮಲ್ಲಿ ಬಳಕೆ ಇಲ್ಲ. ‘ಕಣ್ಣಳತೆ’ ಅಂದ ಕೂಡಲೇ ‘ಕಣ್ಣಳತೆ ದೂರ’ ನೆನಪಾಗುತ್ತದೆ.

ಕೊನೆಗೆ ಸಿಕ್ಕಿದ್ದು ಅಮ್ಮನ ಪದ, ‘ಕಣ್ಣಂದಾಜು’. ಅಕ್ಕಿ ಹಿಟ್ಟಿಗೆ ಉಪ್ಪು ಹಾಕುವಾಗ ಎಷ್ಟಮ್ಮಾ ಅಂದರೆ “ಕಣ್ಣಂದಾಜು” ಅಂತಾರೆ. ಅದಕ್ಕೆ ಯಾರೂ ಗ್ರಾಂ ಲೆಕ್ಕ ಕೇಳುವುದಿಲ್ಲ. ಪಾಯಿಂಟಿಗೆ ‘ಕಣ್ಣಂದಾಜು’, ಒಪ್ಪಿಕೊಂಡ ದಿನಕ್ಕೆ ‘ಗಡುವು’ ಅಂತ ಬೇರೆ ಬೇರೆ ಇಟ್ಟುಕೊಳ್ಳಬೇಕು ಅಂತ ನನ್ನ ಆಸೆ.

ಕೇಳಬೇಕಾದ್ದು ಎರಡು. ನಿಮ್ಮ ಕಡೆ ‘ಕಣ್ಣಂದಾಜು’ ಪದವನ್ನು ಉಪ್ಪು, ಅಕ್ಕಿ ಬಿಟ್ಟು ಕೆಲಸಕ್ಕೂ ಹೇಳುತ್ತಾರಾ? ಕ್ರಿಯಾಪದವಾಗಿ ‘ಕಣ್ಣಂದಾಜಿಸು’ ಕಿವಿಗೆ ಒಗ್ಗುತ್ತಾ, ಇಲ್ಲ ‘ಕಣ್ಣಂದಾಜು ಹಾಕು’ ಅನ್ನುವುದೇ ಸರಿಯಾ?