‘ಗಾಡಿ ನಿಲ್ಲಿಸಿ ನೋಡಿ’ ಅಂದರೆ ಇಂಜಿನ್ ಆಫ್ ಮಾಡಬೇಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಕನ್ನಡ ವಾಕ್ಯದಿಂದಾಗಿ ನನ್ನ ಗಾಡಿ ಮರಳಿನಲ್ಲಿ ಸಿಕ್ಕಿಹಾಕಿಕೊಂಡಿತು. ವಾಕ್ಯ ಬರೆದವನು ನಾನೇ. ಅದನ್ನು ಹೇಗೆ ಬರೆದಿದ್ದರೆ ಸರಿಹೋಗುತ್ತಿತ್ತು ಅಂತ ನಿಮ್ಮನ್ನು ಕೇಳಬೇಕಾಗಿದೆ.

ನಾನಿರುವುದು ಮಸ್ಕತ್‌ನಲ್ಲಿ. 1990ರ ದಶಕದ ಹಳೇ ಲ್ಯಾಂಡ್ ಕ್ರೂಸರ್ ಇಟ್ಟುಕೊಂಡಿದ್ದೇನೆ. 80 ಸೀರೀಸ್, ಫೋರ್ ವೀಲ್, ಆಟೋಮ್ಯಾಟಿಕ್. ಏಳೆಂಟು ಜನ ಕನ್ನಡದವರು ರಜೆಯಲ್ಲಿ ವಾದಿಗಳಿಗೆ, ಮರಳುಗಾಡಿಗೆ ಹೋಗುತ್ತಿರುತ್ತೇವೆ. (ವಾದಿ ಅಂದರೆ ಇಲ್ಲಿ ಮಳೆ ಬಂದಾಗ ಮಾತ್ರ ಹರಿಯುವ ಹೊಳೆ, ಕೋರ್ಟಿನ ವಾದಿ ಅಲ್ಲ.) ಹೊರಡುವ ಮುಂಚೆ ಗಾಡಿಯಲ್ಲಿ ಏನೇನು ನೋಡಬೇಕು ಅಂತ ಒಂದು ಹಾಳೆ ಬರೆದು ಎಲ್ಲರಿಗೂ ಕೊಟ್ಟಿದ್ದೆ. ಅದರಲ್ಲಿ ಹೀಗಿತ್ತು: ‘ಗಾಡಿಯನ್ನು ಮಟ್ಟಸ ಜಾಗದಲ್ಲಿ ನಿಲ್ಲಿಸಿ, ಗೇರ್‌ಬಾಕ್ಸಿನ ಆಯಿಲ್ ಮಟ್ಟ ನೋಡಿ. ಜಾಸ್ತಿ ಇದ್ದರೆ ತೆಗೆಯಿರಿ, ಕಮ್ಮಿ ಇದ್ದರೆ ಹಾಕಿ.’

ಕುಂದಾಪುರ ಕಡೆಯ ಗೆಳೆಯರೊಬ್ಬರು ನನ್ನ ಗಾಡಿಯಲ್ಲೇ ಇದನ್ನು ಅಕ್ಷರ ಬಿಡದೆ ಪಾಲಿಸಿದರು. ಗಾಡಿ ನಿಲ್ಲಿಸಿದರು. ಇಂಜಿನ್ ಆಫ್ ಮಾಡಿದರು. ಇಂಜಿನ್ ಆಯಿಲ್ ನೋಡುವಾಗ ಮಾಡುವ ಹಾಗೆ ಹತ್ತು ನಿಮಿಷ ಕಾದು, ಆಯಿಲ್ ಮಟ್ಟ ಅಳೆಯುವ ಕಡ್ಡಿ ಎಳೆದರು. ಆಯಿಲ್ ಗುರುತಿಗಿಂತ ಎಷ್ಟೋ ಮೇಲಿತ್ತು. ಪೈಪ್ ಹಾಕಿ ಒಂದೂವರೆ ಲೀಟರ್ ಎಳೆದು ತೆಗೆದರು. ಮರುದಿನ ಮೊದಲ ಮರಳುದಿಬ್ಬ ಹತ್ತುವಾಗ ಇಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ನಾನು ಕೇಳಿದ್ದಕ್ಕೆ ಅವರು, ‘ನೀವೇ ಬರ್ದಿರಿ ಅಲ್ದಾ ಮರಾಯ್ರೆ, ಬಂಡಿ ನಿಲ್ಸಿ ಕಾಣಿ ಅಂದೇಳಿ’ ಅಂದರು. ಎದುರು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಗೇರ್‌ಬಾಕ್ಸಿನ ಒಳಗಿನ ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಆಟೋಮ್ಯಾಟಿಕ್‌ನಲ್ಲಿ ಇಂಜಿನ್ ಓಡುತ್ತಿರುವಾಗ ಪಂಪು ಆಯಿಲನ್ನು ಮೇಲೆತ್ತಿ, ಇಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ಗೆ, ಕೊಳವೆಗಳಿಗೆ, ಕೂಲರ್‌ಗೆ ತುಂಬಿರುತ್ತದೆ. ಇಂಜಿನ್ ಆಫ್ ಮಾಡಿದರೆ ಅದರಲ್ಲಿ ಒಂದಷ್ಟು ಕೆಳಗಿನ ಚೇಂಬರ್‌ಗೆ ಇಳಿದು ಬರುತ್ತದೆ. ಆಗ ಕಡ್ಡಿ ಸುಳ್ಳು ಹೇಳುತ್ತದೆ. ಹಾಗಾಗಿ ನನ್ನ ಗಾಡಿಯಲ್ಲಿ ನೋಡುವ ಕ್ರಮವೇ ಬೇರೆ. ಮೊದಲು ಸ್ವಲ್ಪ ಓಡಿಸಿ ಆಯಿಲ್ ಬಿಸಿ ಮಾಡಬೇಕು, 70ರಿಂದ 80 ಡಿಗ್ರಿ. ಮಟ್ಟಸ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಬ್ರೇಕ್ ತುಳಿದುಕೊಂಡೇ ಗೇರ್ ಕೋಲನ್ನು ಪಿ (ಪಾರ್ಕ್) ಇಂದ ಎಲ್ (ಲೋ) ವರೆಗೆ ಒಂದೊಂದೇ ಮನೆ ಇಳಿಸಿ ಮತ್ತೆ ಪಿಗೆ ತರಬೇಕು. ಇಂಜಿನ್ ಓಡುತ್ತಿರುವಾಗಲೇ ಕಡ್ಡಿ ಎಳೆದು, ದಾರದ ಎಳೆ ಬಿಡದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದು ‘ಹಾಟ್’ ಅನ್ನುವ ಗುರುತಿನ ಎರಡು ಗೆರೆಗಳ ನಡುವೆ ಇದೆಯಾ ನೋಡಬೇಕು. ಎಲ್ಲ ಗಾಡಿಗೂ ಇದೇ ಅಂತ ಅಂದುಕೊಳ್ಳಬೇಡಿ. ಹೋಂಡಾ ಆಟೋಮ್ಯಾಟಿಕ್‌ಗಳಲ್ಲಿ ಇಂಜಿನ್ ಆಫ್ ಮಾಡಿಯೇ ನೋಡುವುದು. ಈಗಿನ ಎಷ್ಟೋ ಗಾಡಿಗಳಲ್ಲಿ ಕಡ್ಡಿಯೇ ಇಲ್ಲ.

ಈಗ ಪದದ ವಿಷಯ. ಇಂಗ್ಲಿಷಿನವರು ‘ಐಡಲ್’ ಅಂದುಬಿಡುತ್ತಾರೆ. ಗಾಡಿ ನಿಂತಿದೆ, ಇಂಜಿನ್ ಓಡುತ್ತಿದೆ, ಯಾರೂ ಆಕ್ಸಿಲರೇಟರ್ ತುಳಿದಿಲ್ಲ. ಮೂರೂ ಆ ಒಂದು ಪದದೊಳಗಿದೆ. ನಮ್ಮಲ್ಲಿ ‘ಗಾಡಿ’ ಅನ್ನುವ ಪದವೇ ಎರಡೂ ಕಡೆ ಕಾಲಿಡುತ್ತದೆ. ‘ಗಾಡಿ ಸ್ಟಾರ್ಟ್ ಮಾಡು’ ಅಂದಾಗ ಗಾಡಿ ಅಂದರೆ ಇಂಜಿನ್. ‘ಗಾಡಿ ಸೈಡಿಗೆ ಹಾಕು’ ಅಂದಾಗ ಗಾಡಿ ಅಂದರೆ ಪೂರ್ತಿ ಗಾಡಿ. ‘ಗಾಡಿ ನಿಲ್ಲಿಸು’ ಅಂದರೆ ಯಾವುದು? ಬಸ್ಸಿನಲ್ಲಿ ಕಂಡಕ್ಟರಿಗೆ ಹೇಳಿದರೆ ಚಕ್ರ ನಿಂತರೆ ಸಾಕು. ಮನೆಯ ಅಂಗಳದಲ್ಲಿ ಹೇಳಿದರೆ ಕೀ ತೆಗೆಯುವುದು ಅಂತಲೇ ಅರ್ಥ.

ಗ್ಯಾರೇಜಿನವರು ಇದಕ್ಕೆ ‘ಸ್ಲೋ ಸ್ಪೀಡ್’ ಅನ್ನುತ್ತಾರೆ. ‘ಸ್ಲೋ ಸ್ಪೀಡ್ ಸೆಟ್ ಮಾಡು’, ‘ಸ್ಲೋನಲ್ಲಿ ಬಿಡು’. ಕೆಲಸದ ಮಾತು, ಅವರವರಲ್ಲಿ ಗೊಂದಲವಿಲ್ಲ. ಆದರೆ ಗ್ಯಾರೇಜಿನ ಹೊರಗಿನವರು ‘ಸ್ಲೋ ಸ್ಪೀಡ್‌ನಲ್ಲಿ ನೋಡಿ’ ಅಂತ ಓದಿದರೆ ಗಾಡಿಯನ್ನು ನಿಧಾನ ಓಡಿಸಿಕೊಂಡು ಕಡ್ಡಿ ನೋಡುವುದು ಹೇಗಪ್ಪಾ ಅಂತ ಯೋಚಿಸುತ್ತಾರೆ. ‘ಐಡ್ಲಿಂಗ್’ ಅಂತ ಬರೆದು ನೋಡಿದೆ. ಒಬ್ಬರು ಇಡ್ಲಿಯ ಜೋಕ್ ಮಾಡಿದರು, ಅಲ್ಲಿಗೆ ಮುಗಿಯಿತು.

‘ಖಾಲಿ ಓಡಲಿ’ ಅನ್ನೋಣ ಅಂದುಕೊಂಡೆ. ನಮ್ಮ ತೋಟದಲ್ಲಿ ‘ಪಂಪು ಖಾಲಿ ಓಡ್ತಿದೆ’ ಅಂದರೆ ನೀರಿಲ್ಲದೆ ಓಡುತ್ತಿದೆ, ಓಡಿ ಹೋಗಿ ಆಫ್ ಮಾಡು ಅಂತ. ಆಯಿಲ್ ವಿಷಯದಲ್ಲಿ ಈ ಮಾತು ಇನ್ನೂ ಅಪಾಯ. ‘ಸುಮ್ನೆ ಓಡ್ತಿರಲಿ’ ನನಗೆ ಇಷ್ಟ. ಐಡಲ್‌ನ ಸೋಮಾರಿತನ ಅದರಲ್ಲೂ ಇದೆ. ಆದರೆ ‘ಸುಮ್ನೆ’ ಅಂದರೆ ಕಾರಣವಿಲ್ಲದೆ ಅಂತಲೂ ಆಗುತ್ತದೆ. ಸುಮ್ನೆ ಓಡುವ ಇಂಜಿನ್ ಕಂಡರೆ ಪೆಟ್ರೋಲಿನ ಕಾಸು ಕೊಟ್ಟವನು ಆಫ್ ಮಾಡದೇ ಬಿಡುತ್ತಾನೆಯೇ? ಸದ್ಯಕ್ಕೆ ಹಾಳೆಯಲ್ಲಿ ‘ಗಾಡಿ ನಿಂತಿರಲಿ, ಇಂಜಿನ್ ನಿಲ್ಲದಿರಲಿ’ ಅಂತ ತಿದ್ದಿದ್ದೇನೆ. ಅರ್ಥ ಪಕ್ಕಾ. ಆದರೆ ಅದು ವಾಕ್ಯ, ಪದ ಅಲ್ಲ.

ಒಂದು ಪದ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಡ್ಯಾಶ್‌ಬೋರ್ಡಿನಲ್ಲಿ ‘ಎ/ಟಿ ಆಯಿಲ್ ಟೆಂಪ್’ ಅಂತ ಒಂದು ದೀಪ ಇದೆ. ಮರಳಿನಲ್ಲಿ ಜಾಸ್ತಿ ದುಡಿಸಿದರೆ ಗೇರ್‌ಬಾಕ್ಸಿನ ಆಯಿಲ್ ಕಾದು ಅದು ಹತ್ತುತ್ತದೆ. ಆಗಲೂ ಗಾಡಿ ನಿಲ್ಲಿಸಿ ಪಿಗೆ ಹಾಕಬೇಕು, ಆದರೆ ದೀಪ ಆರುವವರೆಗೆ ಇಂಜಿನ್ ಓಡುತ್ತಲೇ ಇರಬೇಕು. ಪಂಪು ತಿರುಗಿದರೆ ತಾನೇ ಆಯಿಲ್ ಕೂಲರ್‌ಗೆ ಹೋಗಿ ತಣಿಯುವುದು. ಗಾಬರಿಯಲ್ಲಿರುವವನಿಗೆ ‘ನಿಲ್ಲಿಸು, ನಿಲ್ಲಿಸು!’ ಅಂತ ಕೂಗಿದರೆ ಅವನ ಕೈ ನೇರ ಕೀಗೇ ಹೋಗುತ್ತದೆ. ಅಲ್ಲಿ ಕೂಗಲು ಉದ್ದನೆಯ ವಾಕ್ಯ ಆಗುವುದಿಲ್ಲ.

ಇದರ ಜೊತೆಗೇ ಇನ್ನೊಂದು ತೊಡಕು, ‘ಬದಲಿಸು’. ಇಂಜಿನ್ ಆಯಿಲ್ ಬದಲಿಸಿದೆ ಅಂದರೆ ಹೆಚ್ಚುಕಮ್ಮಿ ಎಲ್ಲ ಹಳೆಯದು ಹೋಯಿತು ಅಂತ. ನನ್ನ ಗೇರ್‌ಬಾಕ್ಸ್ ಒಟ್ಟು ಹಿಡಿಯುವುದು 15 ಲೀಟರ್. ಕೆಳಗಿನ ನಟ್ ಬಿಚ್ಚಿದರೆ ಬರುವುದು 6 ಲೀಟರ್ ಆಸುಪಾಸು, ಉಳಿದದ್ದು ಕನ್ವರ್ಟರ್ ಮತ್ತು ಕೊಳವೆಗಳಲ್ಲೇ ಕೂತಿರುತ್ತದೆ. ಅಂದರೆ ಒಮ್ಮೆ ‘ಬದಲಿಸಿದ’ ಮೇಲೂ ನೂರಕ್ಕೆ 60 ಪಾಲು ಹಳೆಯದೇ. ಓಡಿಸಿ, ಎರಡನೇ ಸಲ ಮಾಡಿದರೆ 36. ಮೂರನೇ ಸಲಕ್ಕೆ 22ರ ಹತ್ತಿರ. ಇದನ್ನು ಬದಲಿಸುವುದು ಅನ್ನಲು ನನಗೆ ಮನಸ್ಸಿಲ್ಲ.

ಅಮ್ಮ ಅನ್ನದ ಗಂಜಿ ಬಸಿಯುತ್ತಿದ್ದದ್ದು ನೆನಪಾಯಿತು. ಪಾತ್ರೆಗೆ ತಟ್ಟೆ ಮುಚ್ಚಿ ಬಗ್ಗಿಸಿ ಇಡುವುದು. ಎಷ್ಟು ಬಸಿದರೂ ಅನ್ನದಲ್ಲಿ ಒಂದಷ್ಟು ಗಂಜಿ ಉಳಿದೇ ಇರುತ್ತದೆ, ಅದು ಎಲ್ಲರಿಗೂ ಗೊತ್ತು. ‘ಬಸಿ’ಯಲ್ಲಿ ‘ಬಂದಷ್ಟು ಬರಲಿ’ ಅನ್ನುವ ಅರ್ಥ ತಾನಾಗಿಯೇ ಇದೆ. ಹಾಗಾಗಿ ‘ಬಸಿದು ತುಂಬುವುದು’ ಅಂತ ಬರೆಯುತ್ತಿದ್ದೇನೆ. ಬಸಿದದ್ದನ್ನು ಅಳೆದು, ಅಷ್ಟನ್ನೇ ಕಡ್ಡಿಯ ಕೊಳವೆಯಿಂದ ಉದ್ದ ಮೂತಿಯ ಲಾಳಿಕೆ ಇಟ್ಟು ಹಾಕುವುದು. (ನಿಮ್ಮ ಕಡೆ ಆಲಿಕೆಯೋ, ಲಾಳಿಕೆಯೋ?) ಮಷಿನ್ ಕಟ್ಟಿ ಹಳೆಯದನ್ನೆಲ್ಲ ತಳ್ಳಿ ಹೊಸದು ತುಂಬುವುದಕ್ಕೆ ‘ಬದಲಿಸು’ ಇರಲಿ.

ಹೆಸರಿನ ಬಗ್ಗೆ ಜಾಸ್ತಿ ಎಳೆಯುವುದಿಲ್ಲ. ‘ದ್ರವ’ ಅಂದರೆ ಪಾಠದ ಪುಸ್ತಕ. ‘ಎಣ್ಣೆ’ ಅಂದರೆ ನಮ್ಮ ಗುಂಪಿನಲ್ಲಿ ರಾತ್ರಿಯ ಮಾತು. ‘ಆಯಿಲ್’ ಸಾಕು, ಕಂಪನಿಯೇ ದೀಪದ ಮೇಲೆ ಹಾಗೆ ಬರೆದಿದೆ. ಆದರೆ ‘ಗೇರ್ ಆಯಿಲ್’ ಮಾತ್ರ ಬೇಡ. ಆ ಹೆಸರು ಈಗಾಗಲೇ ಕ್ರೌನ್‌ಗೆ (ಆಕ್ಸಲಿನ ನಡುವಿನ ಹಲ್ಲುಚಕ್ರದ ಡಬ್ಬಿ), ಟ್ರಾನ್ಸ್‌ಫರ್ ಕೇಸ್‌ಗೆ (ಹಿಂದು ಮುಂದಿನ ಚಕ್ರಗಳಿಗೆ ಬಲ ಹಂಚುವ ಡಬ್ಬಿ) ಹಾಕುವ 75ಡಬ್ಲ್ಯೂ-90ರಂಥ ಮಂದ ಆಯಿಲ್‌ಗೆ ಅಂಟಿದೆ. ಅದನ್ನು ಯಾರಾದರೂ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಸುರಿದರೆ ಕತೆ ಮುಗಿದ ಹಾಗೆ. ಇಲ್ಲಿಗೆ ಬೇಕಾದದ್ದು ತೆಳ್ಳಗಿನ, ಕೆಂಪು ಬಣ್ಣ ಹಾಕಿದ, ಡೆಕ್ಸ್ರಾನ್ ಅನ್ನುವ ಆಟೋಮ್ಯಾಟಿಕ್ ಆಯಿಲ್. ಗೆಳೆಯರು ‘ಕೆಂಪು ಆಯಿಲ್’ ಅನ್ನತೊಡಗಿದ್ದಾರೆ, ನಾನು ಸುಮ್ಮನಿದ್ದೇನೆ.

ಬಣ್ಣಕ್ಕಂತೂ ಕರಾವಳಿಯವರು ಪುಕ್ಕಟೆಯಾಗಿ ಪದ ಕೊಟ್ಟರು. ಹೊಸ ಆಯಿಲ್ ಪುನರ್ಪುಳಿ (ಕೋಕಂ) ಶರಬತ್ತು. ಹಳೆಯದಾದದ್ದು ಕಷಾಯ. ವಾದಿ ದಾಟುವಾಗ ನೀರು ಹೊಕ್ಕಿದ್ದರೆ ಬೀಟ್‌ರೂಟ್ ತಂಬುಳಿ. ಒಂದು ಸಲ ಕೇಳಿದವರು ಮರೆಯುವುದಿಲ್ಲ. ವಾಸನೆಗೆ ನಾನು ‘ಸುಟ್ಟ ವಾಸನೆ’ ಅಂತ ಬರೆದಿದ್ದೆ. ಅದು ವಯರ್ ಸುಟ್ಟದ್ದೂ ಆಗಬಹುದು. ನಮ್ಮ ಮನೆಯಲ್ಲಿ ತಳ ಹಿಡಿದ ಅನ್ನಕ್ಕೆ ‘ಸೀದ ವಾಸನೆ’, ಒಗ್ಗರಣೆ ಎಣ್ಣೆ ಹೊಗೆಯಾಡಿದರೆ ‘ಕಮರು’ ಅನ್ನುತ್ತಿದ್ದರು. ಕಾದು ಕೆಟ್ಟ ಆಯಿಲ್‌ಗೆ ಕಮರೇ ಸರಿ ಅಂತ ನನ್ನ ಮೂಗು ಹೇಳುತ್ತದೆ. ಈ ಪದ ಬೇರೆ ಜಿಲ್ಲೆಗಳಲ್ಲೂ ಹೀಗೇ ನಡೆಯುತ್ತದೆಯೇ?

ಉಳಿದದ್ದು ಐಡಲ್. ನಿಮ್ಮ ಊರಿನ ರೈಸ್ ಮಿಲ್ಲು, ಟ್ರಾಕ್ಟರು, ಟಿಲ್ಲರು, ಆಲೆಮನೆಯ ಇಂಜಿನ್ನು, ಎಲ್ಲಾದರೂ ಸರಿ. ಇಂಜಿನ್ ಓಡುತ್ತಿದೆ, ಆದರೆ ಕೆಲಸ ಎಳೆಯುತ್ತಿಲ್ಲ ಅನ್ನುವುದಕ್ಕೆ ಅಲ್ಲಿಯವರು ಏನನ್ನುತ್ತಾರೆ? ಹೊಸದಾಗಿ ಕಟ್ಟಿದ ಪದ ಬೇಡ, ಬಾಯಲ್ಲಿ ಓಡಾಡಿದ್ದು ಬೇಕು. ಮುಂದಿನ ಶುಕ್ರವಾರ ಮತ್ತೆ ಮರಳಿಗೆ ಹೊರಟಿದ್ದೇವೆ. ಹಾಳೆಯನ್ನು ಗುರುವಾರ ರಾತ್ರಿ ಪ್ರಿಂಟ್ ಹಾಕಬೇಕು.