ಕೋಳಿಯ ಕಿವಿಯಲ್ಲಿ ಒಂದೇ ಮೂಳೆ, ಕುರಿಯ ಕಿವಿಯಲ್ಲಿ ಮೂರು: ಉಳಿದೆರಡು ಎಲ್ಲಿಂದ ಬಂದವು?

ಪ್ರಶ್ನೆ:
ನಾನು ಪ್ರೌಢಶಾಲೆಯ ಶಿಕ್ಷಕಿ. ಕಳೆದ ವಾರ ಬೇಯಿಸಿ ಮಾಂಸ ಬಿಡಿಸಿದ ಕುರಿಯ ತಲೆಯನ್ನೂ ಬ್ರಾಯ್ಲರ್ ಕೋಳಿಯ ತಲೆಯನ್ನೂ ತರಗತಿಯಲ್ಲಿ ತೋರಿಸಿದೆ. ಕುರಿಯ ಕೆಳದವಡೆಯ ಒಂದೊಂದು ಪಕ್ಕವೂ ಒಂದೇ ಅಖಂಡ ಮೂಳೆ. ಕೋಳಿಯದರಲ್ಲಿ ಹಲವು ಮೂಳೆಗಳ ಸಂದುಗಳು ಕಾಣುತ್ತವೆ, ಅಲ್ಲದೆ ಅದು ತಲೆಬುರುಡೆಗೆ ನೇರವಾಗಿ ಕೂಡದೆ ಕ್ವಾಡ್ರೇಟ್ ಎಂಬ ಪುಟ್ಟ ಮೂಳೆಯ ಮೇಲೆ ತಿರುಗುತ್ತದೆ. ಕಿವಿಯಲ್ಲಿ ಇದು ತಿರುವುಮುರುವು. ದವಡೆಯಲ್ಲಿ ಕಡಿಮೆಯಾದದ್ದೇ ಕಿವಿಗೆ ಬಂದಿತೇ, ಹಾಗಿದ್ದರೆ ನಡುವಿನ ಕಾಲದಲ್ಲಿ ಆ ಪ್ರಾಣಿ ಹೇಗೆ ತಿಂದಿತು ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಎರಡನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ 1:
ಅವಳ ಮೊದಲ ಊಹೆ ಸರಿ. 1837ರಲ್ಲಿ ಜರ್ಮನಿಯ ಕಾರ್ಲ್ ರೈಖರ್ಟ್ ಹಂದಿಯ ಭ್ರೂಣಗಳನ್ನು ಪರೀಕ್ಷಿಸಿ ಇದನ್ನು ತೋರಿಸಿದರು. ಭ್ರೂಣದ ಕೆಳದವಡೆಯೊಳಗೆ ಮೆಕೆಲ್ ಮೃದ್ವಸ್ಥಿ ಎಂಬ ಕಡ್ಡಿಯಿರುತ್ತದೆ. ಕುರಿಯ ಕಿವಿಯ ಮೂರು ಮೂಳೆಗಳು ಸುತ್ತಿಗೆ, ಅಡಿಗಲ್ಲು, ರಿಕಾಪು; ಕಡ್ಡಿಯ ಹಿಂತುದಿಯೇ ಸುತ್ತಿಗೆ ಮೂಳೆಯಾಗುತ್ತದೆ, ಮತ್ತು ಕೋಳಿಯಲ್ಲಿ ನೀವು ಕಂಡ ಕ್ವಾಡ್ರೇಟ್ ಇಲ್ಲಿ ಅಡಿಗಲ್ಲು ಮೂಳೆಯಾಗುತ್ತದೆ. ಮುಂದೆ ಕಡ್ಡಿಯ ನಡುಭಾಗ ಕರಗಿ ಕಿವಿಯೂ ದವಡೆಯೂ ಬೇರೆಯಾಗುತ್ತವೆ. ನನಗೆ ಇದಕ್ಕಿಂತಲೂ ಬೆರಗು ಹುಟ್ಟಿಸುವುದು ನರಗಳ ಸಾಕ್ಷ್ಯ: ಸುತ್ತಿಗೆ ಮೂಳೆಯನ್ನು ಎಳೆಯುವ ಸಣ್ಣ ಸ್ನಾಯುವಿಗೆ ಇಂದಿಗೂ ಅಗಿಯುವ ಸ್ನಾಯುಗಳ ನರವೇ ಬರುತ್ತದೆ, ಆದರೆ ಕೋಳಿಯಲ್ಲೂ ಇರುವ ರಿಕಾಪು ಮೂಳೆಯ ಸ್ನಾಯುವಿಗೆ ಬರುವುದು ಮುಖದ ನರ. ಮೂಳೆ ಮನೆ ಬದಲಿಸಿದರೂ ನರ ತವರನ್ನು ಬಿಟ್ಟಿಲ್ಲ.

ಉತ್ತರ 2:
ತಿನ್ನುವ ಪ್ರಶ್ನೆಗೆ ಪಳೆಯುಳಿಕೆಗಳು ಉತ್ತರ ಕೊಡುತ್ತವೆ. ಸುಮಾರು 20 ಕೋಟಿ ವರ್ಷಗಳ ಹಿಂದೆ ಬಾಳಿದ, ಇಲಿಯಂಥ ಮಾರ್ಗನುಕೋಡಾನ್‌ನ ದವಡೆಗೆ ಹಳೆಯ ಕೀಲು (ಕೋಳಿಯಂತೆ ಕ್ವಾಡ್ರೇಟ್ ಮೇಲೆ ತಿರುಗುವುದು) ಮತ್ತು ಹೊಸ ಕೀಲು (ಕುರಿಯಂತೆ ತಲೆಬುರುಡೆಗೆ ನೇರವಾಗಿ ಕೂಡುವುದು) ಎರಡೂ ಅಕ್ಕಪಕ್ಕದಲ್ಲಿದ್ದವು. ಹೊಸ ಕೀಲು ಭಾರ ಹೊರತೊಡಗಿದ ಮೇಲೆಯೇ ಹಳೆಯದು ಸಣ್ಣದಾಗಿ ಪೂರ್ತಿ ಕಿವಿಯ ಕೆಲಸಕ್ಕೆ ಒದಗಿತು. ತಿನ್ನುವುದು ಒಂದು ದಿನವೂ ನಿಲ್ಲಬೇಕಾಗಿರಲಿಲ್ಲ. ಚೀನಾದಲ್ಲಿ ದೊರೆತು 2007ರಲ್ಲಿ ಪ್ರಕಟವಾದ ಪುರಾತನ ಸಸ್ತನಿ ಯಾನೊಕೊನೊಡಾನ್‌ನಲ್ಲಿ ಮೆಕೆಲ್ ಮೃದ್ವಸ್ಥಿ ಕರಗದೆ ಮೂಳೆಯಾಗಿ, ಬೆಳೆದ ಪ್ರಾಣಿಯಲ್ಲೂ ಕಿವಿಯನ್ನು ದವಡೆಗೆ ಜೋಡಿಸಿತ್ತು. ಕಾಂಗರೂವಿನ ಗುಂಪಿಗೆ ಸೇರಿದ ಒಪೋಸಮ್ ಎಂಬ ಪ್ರಾಣಿಯ ಮರಿ ಹುಟ್ಟುವಾಗಲೂ ಕಿವಿಯ ಮೂಳೆಗಳು ದವಡೆಗೆ ಅಂಟಿಕೊಂಡೇ ಇರುತ್ತವೆ, ಹಾಲು ಕುಡಿದು ಬೆಳೆಯುವ ವಾರಗಳಲ್ಲಿ ಬಿಡಿಸಿಕೊಳ್ಳುತ್ತವೆ.

ಉತ್ತರ 3:
ಒಂದು ಎಚ್ಚರಿಕೆ ಅಗತ್ಯ. ಭ್ರೂಣವು ಪೂರ್ವಜರ ಬೆಳೆದ ರೂಪಗಳನ್ನು ಒಂದೊಂದಾಗಿ ಮರಳಿ ಆಡಿ ತೋರಿಸುತ್ತದೆ ಎಂದು ಮಕ್ಕಳಿಗೆ ಅನ್ನಿಸಬಾರದು. ಇಲ್ಲಿ ಬದಲಾಗಿರುವುದು ಬೆಳವಣಿಗೆಯ ದಾರಿ: ಮೃದ್ವಸ್ಥಿ ಯಾವಾಗ ಕರಗಬೇಕು, ಯಾವ ಭಾಗ ಎಷ್ಟು ಬೆಳೆಯಬೇಕು ಎಂಬುದು. ಮೂಳೆಯ ಗುರುತನ್ನೇ ಜೀನುಗಳು ಹೇಗೆ ನಿರ್ಧರಿಸುತ್ತವೆ ಎಂಬುದಕ್ಕೆ 1993ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗವನ್ನು ಹೇಳಬಹುದು. ಹಾಕ್ಸ್‌ಎ2 ಜೀನನ್ನು ನಿಷ್ಕ್ರಿಯಗೊಳಿಸಿದಾಗ ರಿಕಾಪು ಮೂಳೆ ಮೂಡಲಿಲ್ಲ, ಬದಲಿಗೆ ಸುತ್ತಿಗೆ ಮತ್ತು ಅಡಿಗಲ್ಲುಗಳ ಇನ್ನೊಂದು ಜೊತೆ ಕನ್ನಡಿಯ ಬಿಂಬದಂತೆ ಮೂಡಿತು.

ಮೇಡಂ, ಮುಂದಿನ ಸಲ ಕುರಿಯ ಕಿವಿಗೂಡನ್ನು ಕಪ್ಪು ಕಾಗದದ ಮೇಲಿಟ್ಟು ಮೆಲ್ಲಗೆ ಒಡೆಯಿರಿ. ರಿಕಾಪು ಮೂಳೆ ಎಳ್ಳಿನ ಕಾಳಿನಷ್ಟೇ ಇರುವುದರಿಂದ ಬಿಳಿ ತಟ್ಟೆಯಲ್ಲಿ ಕಳೆದುಹೋಗುತ್ತದೆ.